ಒಳ್ಳೆ ಆಟಗಾರನನ್ನ ತಂಡ ಯಾಕೆ ಬಿಟ್ಟುಕೊಡುತ್ತೆ? ಬೇಸ್‌ಬಾಲ್ ಪೇರೋಲ್ (ತಂಡದ ಒಟ್ಟು ಸಂಬಳ) ಪ್ರಶ್ನೋತ್ತರ

ಪ್ರಶ್ನೆ: ಸರ್, ಐಪಿಎಲ್ ನೋಡಿ ಅಭ್ಯಾಸ ಆದವನಿಗೆ ಇದು ತಲೆಗೇ ಹತ್ತುತ್ತಿಲ್ಲ. 2025ರ ಹರಾಜಿಗೆ ಮುಂಚೆ ಆರ್‌ಸಿಬಿ ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. 120 ಕೋಟಿಯಲ್ಲಿ 83 ಉಳೀತು, ಲೆಕ್ಕ ಅಲ್ಲಿಗೆ ಮುಗೀತು. ಬೇಸ್‌ಬಾಲ್‌ನಲ್ಲಿ ಮಿತಿಯೇ ಇಲ್ಲವಂತೆ. ಹಾಗಿದ್ದ ಮೇಲೆ ಯಾಂಕೀಸ್‌ನಂಥ ದುಡ್ಡಿರೋ ತಂಡ ಹುವಾನ್ ಸೋಟೊನ ಯಾಕೆ ಬಿಡ್ತು?

ಉತ್ತರ: ಬಿಡಲಿಲ್ಲ, ಹರಾಜಿನಲ್ಲಿ ಸೋತಿತು. 2024ರ ಡಿಸೆಂಬರ್‌ನಲ್ಲಿ ವರದಿಯಾದಂತೆ ಯಾಂಕೀಸ್ ಹೇಳಿದ್ದು 16 ವರ್ಷಕ್ಕೆ 760 ಮಿಲಿಯನ್ ಡಾಲರ್. ಮೆಟ್ಸ್ ಕೊಟ್ಟಿದ್ದು 15 ವರ್ಷಕ್ಕೆ 765. ಒಟ್ಟು ಮೊತ್ತದಲ್ಲಿ ಐದೇ ಮಿಲಿಯನ್ ವ್ಯತ್ಯಾಸ ಅನ್ನಿಸುತ್ತೆ, ಆದರೆ ವರ್ಷದ ಲೆಕ್ಕ ಹಾಕಿ: ಒಂದು ಕಡೆ 47.5, ಇನ್ನೊಂದು ಕಡೆ 51.

ಮಿತಿ ಇಲ್ಲ ಅನ್ನೋದು ಅರ್ಧ ಸತ್ಯ. ದಾಟಬಾರದು ಅನ್ನೋ ಗೆರೆ ಇಲ್ಲ, ದಾಟಿದರೆ ದಂಡ ಕಟ್ಟಬೇಕಾದ ಗೆರೆಗಳು ನಾಲ್ಕಿವೆ. ತಂಡದ ಒಟ್ಟು ಸಂಬಳದ ಲೆಕ್ಕದಲ್ಲಿ 2025ಕ್ಕೆ ಅವು 241, 261, 281 ಮತ್ತು 301 ಮಿಲಿಯನ್. ಇದನ್ನೇ ಲಗ್ಜುರಿ ಟ್ಯಾಕ್ಸ್ ಅನ್ನೋದು. ಮೊದಲ ಗೆರೆ ದಾಟಿದ ಮೇಲಿನ ಹಣಕ್ಕೆ ಮೊದಲ ವರ್ಷ 20%, ಸತತ ಎರಡನೇ ವರ್ಷ 30%, ಮೂರನೇ ವರ್ಷದಿಂದ 50%. ಮೇಲಿನ ಗೆರೆಗಳನ್ನ ದಾಟುತ್ತಾ ಹೋದರೆ ಹೆಚ್ಚುವರಿ ದರ ಸೇರುತ್ತೆ. ಮೂರನೇ ವರ್ಷವೂ ದಾಟಿದ ತಂಡಕ್ಕೆ ಅದು 50, 62, 95, 110% ಅಂತ ಏರುತ್ತೆ. ಮೂರನೇ ಗೆರೆ, ಅಂದರೆ 281 ದಾಟಿದರೆ ಮುಂದಿನ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನ ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳೋವಾಗ, ಮೊದಲ ಸರದಿಯೂ ಹತ್ತು ಸ್ಥಾನ ಹಿಂದೆ ಹೋಗುತ್ತೆ.

ಈಗ ಒಬ್ಬ 20 ಮಿಲಿಯನ್ ಆಟಗಾರನನ್ನ ತಗೊಳ್ಳಿ. 241ರ ಕೆಳಗಿರೋ ತಂಡಕ್ಕೆ ಅವನು 20ಕ್ಕೇ ಬರ್ತಾನೆ. ಸತತ ಮೂರನೇ ವರ್ಷ ದಂಡ ಕಟ್ಟುತ್ತಾ ಆಗಲೇ 301ರ ಮೇಲಿರೋ ತಂಡಕ್ಕೆ ಅದೇ ಆಟಗಾರ 42 ಮಿಲಿಯನ್: ಅವನ ಕೈಗೆ 20, ಲೀಗ್‌ಗೆ 22. ಆಟಗಾರನ ಸಂಬಳ ಒಂದೇ, ತಂಡದ ಖರ್ಚು ಬೇರೆ ಬೇರೆ. ಇಲ್ಲಿ ಬರೋ ಹತ್ತು ಪ್ರಶ್ನೆಯಲ್ಲಿ ಎಂಟಕ್ಕೆ ಉತ್ತರ ಇದೇ.

ಸೋಟೊ ಕೈತಪ್ಪಿದ ಮೇಲೆ ಯಾಂಕೀಸ್ ಆ ಹಣವನ್ನ ಹಂಚಿತು: ಪಿಚರ್ (ಬಾಲ್ ಎಸೆಯೋನು) ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷಕ್ಕೆ 218, ಪಾಲ್ ಗೋಲ್ಡ್‌ಶ್ಮಿಟ್‌ಗೆ ಒಂದು ವರ್ಷಕ್ಕೆ 12.5. ಕೋಡಿ ಬೆಲಿಂಜರ್‌ನ ಕಬ್ಸ್‌ನಿಂದ ಟ್ರೇಡ್ ಮಾಡಿಕೊಂಡರು. ಫ್ರೀಡ್ ಮತ್ತು ಗೋಲ್ಡ್‌ಶ್ಮಿಟ್ ಇಬ್ಬರದೂ ಸೇರಿ ವರ್ಷಕ್ಕೆ 39.75, ಸೋಟೊ ಒಬ್ಬನಿಗಿಂತ ಕಡಿಮೆ.

ಪ್ರಶ್ನೆ: ಹಳೇ ತಂಡಕ್ಕೆ ಆರ್‌ಟಿಎಂ ಕಾರ್ಡ್ ಥರ ಏನಾದರೂ ಹಕ್ಕು ಇದೆಯಾ ಸರ್?

ಉತ್ತರ: ಇಲ್ಲ. ಬೇರೆಯವರ ಬೆಲೆಗೆ ಸಮ ಮಾಡಿ ವಾಪಸ್ ಎಳೆದುಕೊಳ್ಳೋ ಹಕ್ಕಿಲ್ಲ. ಇರೋದು ಕ್ವಾಲಿಫೈಯಿಂಗ್ ಆಫರ್, ಒಪ್ಪಂದ ಮುಗಿದ ಆಟಗಾರನಿಗೆ ಹಳೇ ತಂಡ ಕೊಡೋದು. ಒಂದೇ ವರ್ಷದ ಒಪ್ಪಂದ, ಮೊತ್ತವೂ ನಿಗದಿ: ಲೀಗ್‌ನ ಅತಿ ಹೆಚ್ಚು ಸಂಬಳದ 125 ಮಂದಿಯ ಸರಾಸರಿ. 2024ರ ಕೊನೆಯಲ್ಲಿ ಅದು 21.05 ಮಿಲಿಯನ್, 2025ರ ಕೊನೆಯಲ್ಲಿ 22.025. ವರ್ಲ್ಡ್ ಸೀರೀಸ್ (ಸೀಸನ್‌ನ ಫೈನಲ್) ಮುಗಿದ ಐದು ದಿನದೊಳಗೆ ತಂಡ ಈ ಆಫರ್ ಕೊಡಬೇಕು, ನವೆಂಬರ್ ಮೂರನೇ ವಾರದ ಹೊತ್ತಿಗೆ ಆಟಗಾರ ಹೌದು ಅಥವಾ ಇಲ್ಲ ಅನ್ನಬೇಕು.

ಬೇಡ ಅಂದು ಬೇರೆ ಕಡೆ ಹೋದರೆ ಹಳೇ ತಂಡಕ್ಕೆ ಒಂದು ಡ್ರಾಫ್ಟ್ ಪಿಕ್, ಅಂದರೆ ಹುಡುಗನನ್ನ ಆರಿಸೋ ಒಂದು ಹೆಚ್ಚುವರಿ ಸರದಿ, ಸಿಗುತ್ತೆ. ಆ ಪಿಕ್ ಎಲ್ಲಿ ಬರುತ್ತೆ ಅನ್ನೋದು ತಂಡದ ಜೇಬಿನ ಮೇಲೆ ನಿಂತಿದೆ. ಲೀಗ್‌ನ ಆದಾಯ ಹಂಚಿಕೆಯಲ್ಲಿ ಹಣ ಪಡೆಯೋ ಸಣ್ಣ ತಂಡವಾಗಿದ್ದು, ಆಟಗಾರನಿಗೆ 50 ಮಿಲಿಯನ್ ಅಥವಾ ಹೆಚ್ಚು ಸಿಕ್ಕಿದ್ದರೆ, ಪಿಕ್ ಮೊದಲ ಸುತ್ತು ಮುಗಿದ ಕೂಡಲೇ. ಲಗ್ಜುರಿ ಟ್ಯಾಕ್ಸ್ ಕಟ್ಟೋ ತಂಡವಾದರೆ ನಾಲ್ಕನೇ ಸುತ್ತಿನ ನಂತರ. ಮಿಕ್ಕವರಿಗೆ ಎರಡನೇ ಸುತ್ತು ಕಳೆದ ಮೇಲೆ. ಸೋಟೊ ಹೋದದ್ದಕ್ಕೆ ಯಾಂಕೀಸ್‌ಗೆ ಸಿಕ್ಕಿದ್ದು ಆ ನಾಲ್ಕನೇ ಸುತ್ತಿನ ನಂತರದ್ದು, ಸಮಾಧಾನಕರ ಬಹುಮಾನ ಅಂದುಕೊಳ್ಳಿ. ಅವನನ್ನ ತಗೊಂಡ ಮೆಟ್ಸ್ ಕೂಡ ಟ್ಯಾಕ್ಸ್ ಕಟ್ಟೋ ತಂಡವೇ ಆದ್ದರಿಂದ ತನ್ನ ಎರಡನೇ ಮತ್ತು ಐದನೇ ಅತ್ಯುತ್ತಮ ಪಿಕ್ ಕಳಕೊಂಡಿತು, ಜೊತೆಗೆ ವಿದೇಶಿ ಹುಡುಗರಿಗೆ ಖರ್ಚು ಮಾಡೋ ನಿಧಿಯಲ್ಲಿ ಒಂದು ಮಿಲಿಯನ್ ಕಡಿತ.

ಪ್ರಶ್ನೆ: ಹಾಗಾದರೆ ಎಲ್ಲರಿಗೂ ಆಫರ್ ಕೊಟ್ಟುಬಿಡೋದಪ್ಪ! ಹೋದರೆ ಪಿಕ್, ಇದ್ದರೆ ಆಟಗಾರ.

ಉತ್ತರ: ಇದ್ದುಬಿಟ್ಟರೆ? 2025ರಲ್ಲಿ 13 ಮಂದಿಗೆ ಆಫರ್ ಹೋಯ್ತು, ನಾಲ್ವರು ಹೂಂ ಅಂದರು. ಅವರಲ್ಲೊಬ್ಬ ಮಿಲ್ವಾಕಿಯ ಬ್ರಾಂಡನ್ ವುಡ್ರಫ್. ಮಿಲ್ವಾಕಿಯಂಥ ಸಣ್ಣ ಪೇರೋಲ್ ತಂಡಕ್ಕೆ ಒಬ್ಬನೇ ಪಿಚರ್‌ಗೆ 22.025 ಮಿಲಿಯನ್ ಅಂದರೆ ಬೇರೆ ಎರಡು ಮೂರು ಜಾಗ ತುಂಬೋ ಹಣ. ಹೂಂ ಅಂದವನನ್ನ ಅವನ ಒಪ್ಪಿಗೆ ಇಲ್ಲದೆ ಜೂನ್ 15ರ ತನಕ ಟ್ರೇಡ್ ಮಾಡೋ ಹಾಗೂ ಇಲ್ಲ. ಹಾಗಾಗಿ ನಿಯಮ ಸರಳ: ಆ ಬೆಲೆಗೆ ಒಂದು ವರ್ಷ ಇಟ್ಟುಕೊಂಡರೂ ನಷ್ಟವಿಲ್ಲ ಅನ್ನಿಸೋ ಆಟಗಾರನಿಗೆ ಮಾತ್ರ ಕೊಡಬೇಕು. ಹೇಗೂ ಬೇಡ ಅಂತಾನೆ ಅನ್ನೋ ಧೈರ್ಯದ ಮೇಲೆ ಕೊಟ್ಟವರು ಪೆಟ್ಟು ತಿಂತಾರೆ.

ಪ್ರಶ್ನೆ: ನಾನು ಮೆಟ್ಸ್ ಕಡೆಯವಳು. ಪೀಟ್ ಅಲೊನ್ಸೊ 5 ವರ್ಷ 155 ಮಿಲಿಯನ್‌ಗೆ ಬಾಲ್ಟಿಮೋರ್‌ಗೆ ಹೋದ. ನಮಗೆ ಪಿಕ್ ಯಾಕೆ ಬರಲಿಲ್ಲ?

ಉತ್ತರ: ಮೇಡಂ, ಒಬ್ಬ ಆಟಗಾರನಿಗೆ ಕ್ವಾಲಿಫೈಯಿಂಗ್ ಆಫರ್ ಜೀವಮಾನಕ್ಕೆ ಒಂದೇ ಸಲ. ಅಲೊನ್ಸೊಗೆ ಅದು 2024ರಲ್ಲೇ ಆಗಿಹೋಗಿತ್ತು. ಆಮೇಲೆ 2025ರ ಫೆಬ್ರುವರಿಯಲ್ಲಿ ಮೆಟ್ಸ್‌ಗೇ 2 ವರ್ಷ 54 ಮಿಲಿಯನ್‌ಗೆ ವಾಪಸ್ ಬಂದ, ಒಂದು ವರ್ಷದ ನಂತರ ಹೊರಬರೋ ಹಕ್ಕು ಇಟ್ಟುಕೊಂಡು. 38 ಹೋಮ್ ರನ್ ಹೊಡೆದು ಹೊರಬಂದ. ಆ ಒಂದು ಗೀಟು, ಅಂದರೆ ಆಪ್ಟ್-ಔಟ್, ಬರೆದುಕೊಟ್ಟ ದಿನವೇ ಪಿಕ್ ಇಲ್ಲದೆ ಕಳಕೊಳ್ಳೋ ಸಾಧ್ಯತೆಯನ್ನ ತಂಡ ಒಪ್ಪಿಕೊಂಡ ಹಾಗೆ. ಆಪ್ಟ್-ಔಟ್ ಯಾವಾಗಲೂ ಏಕಮುಖ: ಚೆನ್ನಾಗಿ ಆಡಿದರೆ ಹೋಗ್ತಾನೆ, ಕೆಟ್ಟು ಕೂತರೆ ಉಳೀತಾನೆ.

ಪ್ರಶ್ನೆ: ಫ್ರೀ ಏಜೆಂಟ್ (ಯಾವ ತಂಡಕ್ಕಾದರೂ ಹೋಗಬಲ್ಲವನು) ಆಗೋಕೆ ಆರು ವರ್ಷ ಅಂತಾರಲ್ಲ, ಕ್ಯಾಲೆಂಡರ್ ವರ್ಷವಾ?

ಉತ್ತರ: ಅಲ್ಲ, ಸರ್ವಿಸ್ ವರ್ಷ. 172 ದಿನ ಮೇಜರ್ ಲೀಗ್ ಪಟ್ಟಿಯಲ್ಲಿದ್ದರೆ ಒಂದು ವರ್ಷ. 2015ರಲ್ಲಿ ಕಬ್ಸ್ ತಂಡ ಕ್ರಿಸ್ ಬ್ರಯಾಂಟ್‌ನ ಏಪ್ರಿಲ್ 17ಕ್ಕೆ ಕೆಳ ಲೀಗ್‌ನಿಂದ ಮೇಲೆ ಕರೆಸಿಕೊಂಡಿತು. ವರ್ಷಾಂತ್ಯಕ್ಕೆ ಅವನ ಲೆಕ್ಕ 171 ದಿನ. ಒಂದು ದಿನ ಕಡಿಮೆ ಬಿದ್ದು ಫ್ರೀ ಏಜೆನ್ಸಿ ಪೂರ್ತಿ ಒಂದು ವರ್ಷ ಮುಂದೆ ಹೋಯ್ತು. ದೂರು ಕೊಟ್ಟ, 2020ರಲ್ಲಿ ಸೋತ.

ಪ್ರಶ್ನೆ: ಉಳಿಸಿಕೊಳ್ಳೋಕೆ ಆಗಲ್ಲ ಅಂತ ಗೊತ್ತಿದ್ದರೆ ಒಂದು ವರ್ಷ ಮುಂಚೆ ಮಾರೋದು ಮೇಲಾ, ಕೊನೇವರೆಗೆ ಆಡಿಸಿ ಪಿಕ್ ತಗೊಳ್ಳೋದು ಮೇಲಾ?

ಉತ್ತರ: ಇದಕ್ಕೆ ಕಾರ್ಬಿನ್ ಬರ್ನ್ಸ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಒಬ್ಬನೇ ಪಿಚರ್, ಮೂರು ತಂಡ, ಮೂರು ಲೆಕ್ಕ.

ಮೊದಲು ಮಿಲ್ವಾಕಿ. 2023ರಲ್ಲಿ ಅವನು ಆರ್ಬಿಟ್ರೇಷನ್‌ನಲ್ಲಿ (ಸಂಬಳದ ಮಧ್ಯಸ್ಥಿಕೆಯಲ್ಲಿ) ಕೇಳಿದ್ದು 10.75 ಮಿಲಿಯನ್, ತಂಡ ಹೇಳಿದ್ದು 10.01. ತಂಡ ಗೆದ್ದಿತು, ಬರ್ನ್ಸ್ ತನ್ನ ಬೇಸರವನ್ನ ಬಹಿರಂಗವಾಗಿಯೇ ಹೇಳಿಕೊಂಡ. ಉಳಿಸಿದ್ದು ಏಳು ಲಕ್ಷ ನಲವತ್ತು ಸಾವಿರ ಡಾಲರ್. ಆ ಗೆಲುವು ದುಬಾರಿಯಾಯಿತು ಅನ್ನೋದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. 2024ರ ಫೆಬ್ರುವರಿಯಲ್ಲಿ, ಇನ್ನೊಂದು ವರ್ಷ ಬಾಕಿ ಇರುವಾಗ, ಬಾಲ್ಟಿಮೋರ್‌ಗೆ ಕೊಟ್ಟುಬಿಟ್ಟರು. ಪ್ರತಿಯಾಗಿ ಬಂದಿದ್ದು ಇನ್‌ಫೀಲ್ಡರ್ ಜೋಯಿ ಒರ್ಟಿಜ್, ಎಡಗೈ ಪಿಚರ್ ಡಿ.ಎಲ್. ಹಾಲ್ ಮತ್ತು 34ನೇ ಡ್ರಾಫ್ಟ್ ಪಿಕ್. ಇಬ್ಬರೂ ವರ್ಷಗಟ್ಟಲೆ ಕನಿಷ್ಠ ಸಂಬಳದ ಆಸುಪಾಸಿನಲ್ಲಿ ಆಡೋ ಹುಡುಗರು. ಕೊನೇವರೆಗೆ ಇಟ್ಟುಕೊಂಡಿದ್ದರೆ ಸಿಗುತ್ತಿದ್ದದ್ದು ಒಂದು ಪಿಕ್ ಮಾತ್ರ.

ಬಾಲ್ಟಿಮೋರ್ ಒಂದು ವರ್ಷ ಆಡಿಸಿತು: 32 ಸಲ ಪಿಚಿಂಗ್ ಆರಂಭಿಸಿ 2.92 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ, ಕಡಿಮೆಯಿದ್ದಷ್ಟೂ ಒಳ್ಳೇದು). ಆಮೇಲೆ ಕ್ವಾಲಿಫೈಯಿಂಗ್ ಆಫರ್ ಕೊಟ್ಟಿತು, ಅವನು ಬೇಡ ಅಂದ. ಅದೇ ಚಳಿಗಾಲದಲ್ಲಿ ಆಂಥನಿ ಸಾಂಟಾಂಡೆರ್ ಕೂಡ ಟೊರಾಂಟೊಗೆ ಹೋದ. ಇಬ್ಬರ ಲೆಕ್ಕದಲ್ಲಿ 2025ರ ಡ್ರಾಫ್ಟ್‌ನ 30 ಮತ್ತು 31ನೇ ಪಿಕ್ ಬಾಲ್ಟಿಮೋರ್‌ಗೆ ಬಂದವು. ಪಿಕ್ ವಿಷಯದಲ್ಲಿ ಸರಿಹೋಯ್ತು, ಆದರೆ ಪಿಚಿಂಗ್‌ನಲ್ಲಿ ಆದ ತೂತು ಮುಚ್ಚಲಿಲ್ಲ. ಈಗ ಡ್ರಾಫ್ಟ್ ಆದ ಹುಡುಗ ಮೇಲೆ ಬರೋಕೆ ಮೂರು ನಾಲ್ಕು ವರ್ಷ ಬೇಕು, ಮುಂದಿನ ಏಪ್ರಿಲ್‌ಗೆ ಬಾಲ್ ಎಸೆಯೋಕೆ ಅವನು ಬರಲ್ಲ.

ಕೊನೆಗೆ ಅರಿಜೋನಾ: 6 ವರ್ಷ, 210 ಮಿಲಿಯನ್, 2026ರ ನಂತರ ಆಪ್ಟ್-ಔಟ್. 11 ಪಂದ್ಯ ಆರಂಭಿಸಿದ ಮೇಲೆ 2025ರ ಜೂನ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಒಪ್ಪಂದ ಪೂರ್ತಿ ಗ್ಯಾರಂಟಿ, ಆಡಲಿ ಬಿಡಲಿ ಹಣ ಹೋಗುತ್ತೆ. 30 ದಾಟಿದ ಪಿಚರ್‌ಗೆ ಆರು ವರ್ಷ ಕೊಡೋಕೆ ತಂಡಗಳು ಹಿಂದೆ ಮುಂದೆ ನೋಡೋದು ಜಿಪುಣತನದಿಂದಲ್ಲ.

ಪ್ರಶ್ನೆ: ಅಟ್ಲಾಂಟಾ ಫ್ರೆಡ್ಡಿ ಫ್ರೀಮನ್‌ನ ಬಿಟ್ಟದ್ದು ತಪ್ಪಲ್ವಾ? ಡಾಡ್ಜರ್ಸ್‌ಗೆ ಹೋಗಿ 2024ರ ವರ್ಲ್ಡ್ ಸೀರೀಸ್ ಎಂವಿಪಿ ಆದ.

ಉತ್ತರ: ಆವತ್ತಿನ ಲೆಕ್ಕ ನೋಡಿ. 2022ರ ಮಾರ್ಚ್ 14, ಲಾಕ್‌ಔಟ್ (ಮಾಲೀಕರು ಲೀಗ್ ಮುಚ್ಚಿದ್ದ ಅವಧಿ) ಮುಗಿದು ನಾಲ್ಕೇ ದಿನ. ಅಟ್ಲಾಂಟಾ ನಾಲ್ಕು ಹುಡುಗರನ್ನ ಓಕ್ಲೆಂಡ್‌ಗೆ ಕೊಟ್ಟು, ಫ್ರೀಮನ್ ಆಡೋ ಜಾಗದಲ್ಲೇ ಆಡೋ ಮ್ಯಾಟ್ ಓಲ್ಸನ್‌ನ ತಂದಿತು, ಮಾರನೇ ದಿನ 8 ವರ್ಷಕ್ಕೆ 168 ಮಿಲಿಯನ್ ಸಹಿ ಹಾಕಿಸಿತು. ಫ್ರೀಮನ್‌ಗೆ ಡಾಡ್ಜರ್ಸ್ 6 ವರ್ಷಕ್ಕೆ 162 ಕೊಟ್ಟಿತು. ವರ್ಷಕ್ಕೆ 21, ಎದುರಿಗೆ 27. ಓಲ್ಸನ್‌ದು 28ರಿಂದ 35ರ ವಯಸ್ಸು, ಫ್ರೀಮನ್‌ದು 32ರಿಂದ 37. ಫ್ರೀಮನ್ ಕ್ವಾಲಿಫೈಯಿಂಗ್ ಆಫರ್ ಬೇಡ ಅಂದಿದ್ದರಿಂದ ಒಂದು ಪಿಕ್ಕೂ ಬಂತು. ಓಲ್ಸನ್ 2023ರಲ್ಲಿ 54 ಹೋಮ್ ರನ್ ಹೊಡೆದ.

ಖರ್ಚು ಇಲ್ಲವೇ ಇಲ್ಲ ಅಂತಲ್ಲ. ಕೊಟ್ಟ ನಾಲ್ವರಲ್ಲಿ ಕ್ಯಾಚರ್ ಶೇ ಲ್ಯಾಂಜೆಲಿಯರ್ಸ್ 2024ರಲ್ಲಿ 29 ಹೋಮ್ ರನ್ ಬಾರಿಸಿದ. ಟ್ರೇಡ್ ಮಾಡಿ ಉಳಿಸೋ ಹಣ ಪೇರೋಲ್‌ನಲ್ಲಿ ಕಾಣುತ್ತೆ, ಕೊಟ್ಟ ಹುಡುಗರು ಅಲ್ಲಿ ಕಾಣಲ್ಲ. ಅಭಿಮಾನಿಗೆ ಫ್ರೀಮನ್ ಫ್ರೀಮನ್ನೇ, ಅದನ್ನ ಯಾವ ಕೋಷ್ಟಕವೂ ಅಳೆಯಲ್ಲ. ಆದರೂ ಇಬ್ಬರೂ ಎದುರಿಗಿದ್ದು ಪೇರೋಲ್ ನನ್ನ ಕೈಯಲ್ಲಿದ್ದರೆ ನಾನೂ ಓಲ್ಸನ್‌ನೇ ಆರಿಸುತ್ತಿದ್ದೆ.

ಪ್ರಶ್ನೆ: ಡಾಡ್ಜರ್ಸ್ ಒಹ್ತಾನಿಗೆ ಕೊಟ್ಟಿದ್ದು 700 ಮಿಲಿಯನ್, ಕೈಗೆ ವರ್ಷಕ್ಕೆ ಎರಡೇ ಅಂತೆ. ಟ್ಯಾಕ್ಸ್ ತಪ್ಪಿಸೋ ಕಳ್ಳದಾರಿ ಅಲ್ವಾ?

ಉತ್ತರ: ನಿಯಮದೊಳಗೇ ಇದೆ. 10 ವರ್ಷದ ಒಪ್ಪಂದ, ವರ್ಷಕ್ಕೆ 68 ಮಿಲಿಯನ್ ಮುಂದಕ್ಕೆ ಹಾಕಿ 2034ರಿಂದ 2043ರವರೆಗೆ ಬಡ್ಡಿಯಿಲ್ಲದೆ ಕೊಡ್ತಾರೆ. ಹತ್ತು ವರ್ಷ ಆಮೇಲೆ ಸಿಗೋ ಡಾಲರ್ ಇವತ್ತಿನ ಡಾಲರ್ ಅಲ್ಲ, ಆದ್ದರಿಂದ ಟ್ಯಾಕ್ಸ್ ಲೆಕ್ಕಕ್ಕೆ ವರ್ಷಕ್ಕೆ 70 ಅಲ್ಲ, ಸುಮಾರು 46. ಆದರೆ ತಂಡ ಆರಾಮಾಗಿ ಕೂರೋ ಹಾಗಿಲ್ಲ: ಮುಂದೂಡಿದ ಹಣದ ಈಗಿನ ಮೌಲ್ಯವನ್ನ, ಆ ಸೀಸನ್ ಮುಗಿದ ನಂತರದ ಎರಡನೇ ಜುಲೈ 1ರೊಳಗೆ ಎತ್ತಿಡಬೇಕು. 46 ಕೂಡ ಸಣ್ಣದಲ್ಲ, ಅದರ ಮೇಲೂ ಟ್ಯಾಕ್ಸ್ ಬೀಳುತ್ತೆ.

ಇನ್ನೊಂದು ದಾರಿ ವರ್ಷ ಎಳೆಯೋದು. ಟ್ಯಾಕ್ಸ್‌ಗೆ ಹಿಡಿಯೋದು ಒಪ್ಪಂದದ ವಾರ್ಷಿಕ ಸರಾಸರಿ. ಸಾನ್ ಡಿಯೇಗೊ 30 ವರ್ಷದ ಸಾಂಡರ್ ಬೋಗಾರ್ಟ್ಸ್‌ಗೆ 11 ವರ್ಷ 280 ಮಿಲಿಯನ್ ಕೊಟ್ಟಾಗ ಸರಾಸರಿ 25.5ರ ಆಸುಪಾಸಿಗೆ ಇಳೀತು. ಅದೇ ಹಣ 8 ವರ್ಷಕ್ಕಾದರೆ 35. ಇವತ್ತು ಹಗುರ, ಅವನಿಗೆ 40 ಆದಾಗ ಭಾರ.

ಪ್ರಶ್ನೆ: ಏಂಜೆಲ್ಸ್‌ಗೆ ಒಹ್ತಾನಿ ಹೋದದ್ದಕ್ಕೆ ಏನು ಸಿಕ್ತು?

ಉತ್ತರ: ಒಂದು ಪಿಕ್, ಎರಡನೇ ಸುತ್ತಿನ ನಂತರದ್ದು. ಅದಕ್ಕೂ ಹೆಣಗಬೇಕಾಯಿತು. 2023ರ ಬೇಸಿಗೆಯಲ್ಲಿ ಗೆಲ್ಲೋ ಆಸೆಯಿಂದ ಪೇರೋಲ್ ಏರಿಸಿಕೊಂಡರು, ಆಗಸ್ಟ್‌ನಲ್ಲಿ ತಂಡ ಮುಗ್ಗರಿಸಿತು. ತಿಂಗಳ ಕೊನೆಗೆ ಆಟಗಾರರನ್ನ ಸಾಲಾಗಿ ವೇವರ್ಸ್‌ಗೆ ಹಾಕಿದರು, ಅಂದರೆ ಬೇರೆ ತಂಡ ಸಂಬಳದ ಸಮೇತ ಎತ್ತಿಕೊಳ್ಳಲಿ ಅಂತ ಬಿಟ್ಟರು. ಜಿಯೊಲಿಟೊ, ಲೋಪೆಜ್, ಮೂರ್ ಮೂವರನ್ನ ಕ್ಲೀವ್‌ಲೆಂಡ್ ಎತ್ತಿಕೊಂಡಿತು. ಉಳಿದ ತಿಂಗಳ ಸಂಬಳ ಇಳಿದು ಗೆರೆಯ ಕೆಳಗೆ ಬಂದರು. ಬರದೇ ಇದ್ದಿದ್ದರೆ ಪಿಕ್ ನಾಲ್ಕನೇ ಸುತ್ತಿನ ನಂತರಕ್ಕೆ ಹೋಗುತ್ತಿತ್ತು. ಟ್ಯಾಕ್ಸ್ ಲೆಕ್ಕ ಸೀಸನ್ ಕೊನೆಗೆ ಹಾಕೋದರಿಂದಲೇ ಇದು ಸಾಧ್ಯವಾಯಿತು.

ಪ್ರಶ್ನೆ: ನನ್ನ ತಂಡದ 2026ರ ಸಂಬಳ ಎಲ್ಲ ಕೂಡಿದೆ, 225 ಬಂತು. ಗೆರೆ 244. ಅಂದರೆ 19 ಜಾಗ ಇದೆ. 3 ವರ್ಷ 54 ಮಿಲಿಯನ್‌ನ ಆಟಗಾರ ಟ್ಯಾಕ್ಸ್ ಇಲ್ಲದೆ ಬರ್ತಾನೆ ಅಲ್ವಾ?

ಉತ್ತರ: ಬರಲ್ಲ ಸರ್. ಆಟಗಾರರ ವಿಮೆ, ಪಿಂಚಣಿ ಅಂತ ಪ್ರತಿ ತಂಡದ ತಲೆಗೆ 17-18 ಮಿಲಿಯನ್ ಆಸುಪಾಸು ಸೇರಿಸಿ. ಯುವ ಆಟಗಾರರ 50 ಮಿಲಿಯನ್ ಬೋನಸ್ ನಿಧಿಯ ಮೂವತ್ತನೇ ಒಂದು ಪಾಲು 1.67. 18 ಹಿಡಿದರೆ 244.67, ಆಗಲೇ ಗೆರೆ ದಾಟಿದ್ದೀರಿ. ಅವನ ಸರಾಸರಿ 18 ಸೇರಿದರೆ 262.67. ಗೆರೆ ಮೇಲಿನದು 18.67. ಟ್ಯಾಕ್ಸ್ ಅಷ್ಟಕ್ಕೇ, ಇಡೀ ಮೊತ್ತಕ್ಕಲ್ಲ: ಮೊದಲ ಸಲವಾದರೆ 3.73 ಮಿಲಿಯನ್, ಸತತ ಮೂರನೇ ಸಲವಾದರೆ 9.33.

ಇನ್ನೆರಡು ಕಡೆ ನೋಡಿ. ನೀವು ಕೂಡಿದ್ದು 2026ರಲ್ಲಿ ಕೈಗೆ ಹೋಗೋ ಹಣವಾ, ಒಪ್ಪಂದದ ಸರಾಸರಿಯಾ? ಎರಡೂ ಬೇರೆ, ಟ್ಯಾಕ್ಸ್‌ಗೆ ಸರಾಸರಿ ಬೇಕು. ಮತ್ತೆ ಆಡೋ ಪಟ್ಟಿಯ 26 ಮಂದಿಯನ್ನ ಮಾತ್ರ ಹಿಡಿದಿದ್ದೀರಾ? 40ರ ಪಟ್ಟಿ ಇಡೀ ಲೆಕ್ಕಕ್ಕೆ ಬರುತ್ತೆ. ಕನಿಷ್ಠ ಸಂಬಳ 0.78 ಮಿಲಿಯನ್, ಅಂಥ ಹುಡುಗರು ಎಂಟು ಮಂದಿ ಇದ್ದರೆ 6.24. ಜುಲೈನಲ್ಲಿ ಟ್ರೇಡ್ ಮಾಡೋ ಯೋಚನೆ ಇದ್ದರೆ ಅದಕ್ಕೂ ಈಗಲೇ ಜಾಗ ಬಿಡಿ.

ಪ್ರಶ್ನೆ: ಕೈಗೆ ಹೋಗೋ ಹಣವನ್ನೇ ಕೂಡಿದ್ದೆ ಸರ್. ಸರಾಸರಿ ಹಿಡಿದರೆ 219 ಆಗ್ತಿದೆ.

ಉತ್ತರ: ಹಾಗಾದರೆ 238.67. ಅವನು ಬಂದರೆ 256.67, ಮೊದಲ ಸಲದ ಟ್ಯಾಕ್ಸ್ 2.53. ಮಾರ್ಚ್‌ಗೆ ಮುಂಚೆ 13 ಮಿಲಿಯನ್‌ನ ಯಾರನ್ನಾದರೂ ಬೇರೆ ತಂಡಕ್ಕೆ ದಾಟಿಸಿದರೆ ಟ್ಯಾಕ್ಸೇ ಇಲ್ಲ. ಅವನ ಸಂಬಳದ ಪಾಲನ್ನ ನೀವೇ ಕಟ್ಟೋಕೆ ಒಪ್ಪಬೇಡಿ. ಕಟ್ಟಿದಷ್ಟೂ ನಿಮ್ಮ ಲೆಕ್ಕದಲ್ಲೇ ಉಳಿಯುತ್ತೆ.