ಹಾಸನದಲ್ಲಿ 64 ಸೈಟ್‌ಗಳ ಸಣ್ಣ ಹೋಸ್ಟಿಂಗ್: ವರ್ಷಕ್ಕೆ ಎಷ್ಟು ಹಾಕಿದ್ರೆ ನಿಲ್ಲುತ್ತೆ?

ಹಾಸನದ_ಹೋಸ್ಟ್:
ನಮಸ್ಕಾರ. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯ 64 ಸೈಟ್‌ಗಳು ಒಂದೇ ವಿಪಿಎಸ್‌ನಲ್ಲಿವೆ (ಬಾಡಿಗೆ ವರ್ಚುವಲ್ ಸರ್ವರ್: 4 ಕೋರ್, 8 ಜಿಬಿ ರ‍್ಯಾಮ್, 160 ಜಿಬಿ ಡಿಸ್ಕ್). ಅದರಲ್ಲಿ 40 ಐದಾರು ಪುಟದವು: ಅಂಗಡಿ, ಛತ್ರ, ಪತ್ತಿನ ಸಂಘ. 20 ವರ್ಡ್‌ಪ್ರೆಸ್: ಶಾಲೆಗಳು, ಹೋಂಸ್ಟೇಗಳು. 4 ಭಾರಿ: ಬುಕಿಂಗ್ ಇರೋ ರೆಸಾರ್ಟ್, ಕಾಫಿಪುಡಿ ಆನ್‌ಲೈನ್ ಮಾರಾಟ ಇಂಥವು. ಎಲ್ಲರಿಗೂ ಒಂದೇ ದರ, ಡಾಟ್ ಕಾಮ್ ಡೊಮೈನ್ ಸೇರಿ ವರ್ಷಕ್ಕೆ 2,500.

ಖರ್ಚು: ವಿಪಿಎಸ್ ತಿಂಗಳಿಗೆ 3,200, ಸಿಪ್ಯಾನೆಲ್ (ಸೈಟ್‌ಗಳನ್ನ ನಿಭಾಯಿಸೋ ಪ್ಯಾನೆಲ್ ಸಾಫ್ಟ್‌ವೇರ್) 4,800, ಬ್ಯಾಕಪ್ ಜಾಗ 600. ಡೊಮೈನ್ ಒಂದಕ್ಕೆ 1,100 ಬೀಳುತ್ತೆ. ಜಿಎಸ್‌ಟಿ ನೋಂದಣಿ ಇಲ್ಲ. ಸೈಟ್ ಜಾಸ್ತಿ ಆದರೂ ಕೈಯಲ್ಲಿ ಏನೂ ಉಳೀತಿಲ್ಲ. ದರ ಎಷ್ಟಕ್ಕೆ ಏರಿಸಬೇಕು?

ಪೋರ್ಟ್_2222:
ಸರ್, ಉಳಿಯೋದಿರಲಿ, ಕೈಯಿಂದ ಹೋಗ್ತಿದೆ. 64 × 2,500 = 1,60,000 ಆದಾಯ. ವಿಪಿಎಸ್ 38,400, ಪ್ಯಾನೆಲ್ 57,600, ಬ್ಯಾಕಪ್ 7,200, ಡೊಮೈನ್ 70,400. ಒಟ್ಟು 1,73,600. ನಿಮ್ಮ ಸಮಯಕ್ಕೆ ಒಂದು ಪೈಸೆ ಹಾಕದೆಯೇ 13,600 ನಷ್ಟ. ಅಡ್ವಾನ್ಸ್ ದುಡ್ಡು ವರ್ಷವಿಡೀ ಬರ್ತಾ ಇರೋದರಿಂದ ಇದು ಕಣ್ಣಿಗೆ ಬೀಳಲ್ಲ. ಈ ತಿಂಗಳು ಬಂದ 2,500ರಲ್ಲಿ ಹನ್ನೆರಡನೇ ಒಂದು ಭಾಗ ಮಾತ್ರ ಈ ತಿಂಗಳ ಆದಾಯ. ಉಳಿದದ್ದು ಮುಂದಿನ ಹನ್ನೊಂದು ತಿಂಗಳ ಸರ್ವರ್ ಬಿಲ್. ಅದನ್ನ ಬೇರೆ ಖಾತೆಯಲ್ಲಿಡಿ. ಇದೇ ಕಾರಣಕ್ಕೆ ಮೂರು ವರ್ಷದ ದುಡ್ಡು ಒಟ್ಟಿಗೆ ತಗೊಂಡು ರಿಯಾಯಿತಿ ಕೊಡೋದು ಬೇಡ.

ಮೊದಲು ಡೊಮೈನನ್ನ ಹೋಸ್ಟಿಂಗ್‌ನಿಂದ ಬಿಡಿಸಿ, ಬಿಲ್‌ನಲ್ಲಿ ಬೇರೆ ಸಾಲು ಮಾಡಿ. ಡಾಟ್ ಕಾಮ್‌ನ ಮೂಲ ಬೆಲೆ 2021ರಿಂದ 2024ರವರೆಗೆ ಪ್ರತಿ ವರ್ಷ ಏರಿ 10.26 ಡಾಲರ್‌ಗೆ ಬಂದಿದೆ. ಅದು ನಿಮ್ಮ ಹಿಡಿತದಲ್ಲಿಲ್ಲ. 1,300 ಹಾಕಿ, ಡೊಮೈನ್ ಗಿರಾಕಿ ಹೆಸರಲ್ಲೇ ಇರಲಿ.

ಆಮೇಲೆ ಪ್ಯಾನೆಲ್. ಸಿಪ್ಯಾನೆಲ್ 2019ರಲ್ಲಿ ಖಾತೆ ಲೆಕ್ಕದ ದರಕ್ಕೆ ಹೋಯ್ತು: 1, 5, 30, 100 ಖಾತೆಗಳ ಹಂತಗಳು, ಅದರ ಮೇಲೆ ಪ್ರತಿ ಖಾತೆಗೂ. 64 ಖಾತೆಗೂ ನೀವು ನೂರರ ದರವನ್ನೇ ಕೊಡ್ತಿದ್ದೀರಿ. ಇದೇ ಕೆಲಸದ ಇನ್ನೊಂದು ಪ್ಯಾನೆಲ್ ಡೈರೆಕ್ಟ್‌ಅಡ್ಮಿನ್‌ನಲ್ಲಿ ಖಾತೆಮಿತಿ ಇಲ್ಲದ ಲೈಸೆನ್ಸ್ ಇದೆ, ತಿಂಗಳಿಗೆ 2,500 ಹಿಡಿಯೋಣ.

ಹಾಗಾದರೆ ಸ್ಥಿರ ವೆಚ್ಚ 38,400 + 30,000 + 7,200 = 75,600. ಇದನ್ನ 64ರಿಂದ ಭಾಗಿಸಬೇಡಿ, ನವೀಕರಿಸದೆ ಬಿಡೋರು, ದುಡ್ಡು ಸತಾಯಿಸೋರು ಇದ್ದೇ ಇರ್ತಾರೆ. 85% ಅಂದರೆ 54ರಿಂದ ಭಾಗಿಸಿ: 1,400. ಸೈಟ್‌ಗೆ ವರ್ಷಕ್ಕೆ ಎರಡು ಗಂಟೆ ಫೋನು, ವಾಟ್ಸಾಪ್ ಸಹಾಯ, ಗಂಟೆಗೆ 300ರಂತೆ 600. ಒಟ್ಟು 2,000. ಮಾರೋ ದರದಲ್ಲಿ ಲಾಭ 30% ಬೇಕು, ಪೇಮೆಂಟ್ ಗೇಟ್‌ವೇ ಇತ್ಯಾದಿಗೆ 3%, ಅಂದರೆ ವೆಚ್ಚ ದರದ 67% ಮಾತ್ರ ಇರಬೇಕು: 2,000 ÷ 0.67 = 2,985. ವೆಚ್ಚಕ್ಕೆ 30% ಕೂಡಿಸಿ 2,600 ಅಂತ ಹಾಕೋರು ಜಾಸ್ತಿ. ಆಗ ಗೇಟ್‌ವೇ ಕಳೆದ ಮೇಲೆ ಉಳಿಯೋದು 20% ಅಷ್ಟೇ.

ಲೆಕ್ಕದ_ಪುಸ್ತಕ:
ಮೇಲಿನ ಲೆಕ್ಕದಲ್ಲಿ ಒಂದು ಕೊರತೆ ಇದೆ. ಆ 3,200, 4,800 ಎಲ್ಲ ತೆರಿಗೆ ಸೇರಿಸಿಯೋ, ಬಿಟ್ಟೋ? ಹೋಸ್ಟಿಂಗ್ ಸೇವೆಗೆ ಜಿಎಸ್‌ಟಿ 18%. ನೋಂದಣಿ ಇಲ್ಲದಿದ್ದರೆ ನೀವು ಕಟ್ಟಿದ ತೆರಿಗೆ ವಾಪಸ್ ಬರಲ್ಲ, ಅದೂ ವೆಚ್ಚವೇ. ಸೇವೆಗಳಿಗೆ ನಮ್ಮಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ಆದರೆ ಸರ್ವರ್ ಅಥವಾ ಲೈಸೆನ್ಸನ್ನ ವಿದೇಶದ ಕಂಪನಿಯಿಂದ ನೇರವಾಗಿ ಕೊಳ್ತಿದ್ರೆ ರಿವರ್ಸ್ ಚಾರ್ಜ್ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟೋದು) ಪ್ರಶ್ನೆ ಏಳುತ್ತೆ, ಅದಕ್ಕೆ ಈ 20 ಲಕ್ಷದ ವಿನಾಯಿತಿ ಇಲ್ಲ. ಬಿಲ್‌ಗಳನ್ನ ತಗೊಂಡು ಆಡಿಟರ್ ಹತ್ತಿರ ಒಂದ್ಸಲ ಕೂತ್ಕೊಳ್ಳಿ.

ಡಾಲರ್ ಬಿಲ್ ಇದ್ದರೆ ಗೂಗಲ್‌ನಲ್ಲಿ ಕಾಣೋ ದರ ಹಿಡಿಯಬೇಡಿ. ಕ್ರೆಡಿಟ್ ಕಾರ್ಡ್‌ನವರು ಸಾಮಾನ್ಯವಾಗಿ 3.5% ತನಕ ಮೇಲೆ ಹಾಕ್ತಾರೆ, ಅದರ ಮೇಲೂ ಜಿಎಸ್‌ಟಿ.

ಇನ್ನೊಂದು, ನೋಂದಣಿ ಇಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಅಂತ ಸಾಲು ಹಾಕಂಗಿಲ್ಲ. ಕೊಟೇಶನ್‌ನಲ್ಲಿ ಮಾತ್ರ "ಮುಂದೆ ತೆರಿಗೆ ಅನ್ವಯವಾದರೆ ಪ್ರತ್ಯೇಕ" ಅಂತ ಈಗಲೇ ಬರೆದಿಡಿ.

ಹಾಸನದ_ಹೋಸ್ಟ್:
ತೆರಿಗೆ ಬಿಟ್ಟು ಬರೆದಿದ್ದು ಸರ್. ಬಿಲ್‌ನಲ್ಲಿ 18% ಮೇಲೆ ಬರುತ್ತೆ. ಹಾಗಾದ್ರೆ ಅದೇ ಲೆಕ್ಕದಲ್ಲಿ ಹೋಸ್ಟಿಂಗ್ 3,400, ಡೊಮೈನ್ 1,300 ಸೇರಿ 4,700 ಆಗುತ್ತೆ. ಐದು ಪುಟದ ಸೈಟಿನವರಿಗೆ 2,500ರಿಂದ 4,700 ಅಂದ್ರೆ ಯಾರೂ ನಿಲ್ಲಲ್ಲ.

ಮಲೆನಾಡ_ಸಿಸ್‌ಅಡ್ಮಿನ್:
ನಿಲ್ಲಲೂಬಾರದು. ಛತ್ರದ ಸೈಟ್‌ನವರು ರೆಸಾರ್ಟಿನ ಸಿಪಿಯು ಬಿಲ್ ಯಾಕೆ ಕಟ್ಟಬೇಕು? ಒಂದೇ ದರ ಅನ್ನೋದೇ ಇಲ್ಲಿನ ರೋಗ. ಸೈಟ್‌ಗಳಿಗೆ ತೂಕ ಕೊಡಿ: ಹಗುರಕ್ಕೆ 1, ವರ್ಡ್‌ಪ್ರೆಸ್‌ಗೆ 2, ಭಾರಿಗೆ 5. ನಿಮ್ಮಲ್ಲಿ 40 + 40 + 20 = 100 ಪಾಲು. ಅದರ 85% ಅಂದರೆ 85. ತೆರಿಗೆ ಸೇರಿದ ಸ್ಥಿರ ವೆಚ್ಚ 89,208. ಪಾಲಿಗೆ 1,050.

ಹಗುರ: 1,050 + ಅರ್ಧ ಗಂಟೆ ಸಹಾಯ 150 = 1,200 ÷ 0.67 = ಸುಮಾರು 1,800.
ವರ್ಡ್‌ಪ್ರೆಸ್: 2,100 + 600 = 2,700 ÷ 0.67 = 4,000 ಚಿಲ್ಲರೆ.
ಭಾರಿ: 5,250 + ಆರು ಗಂಟೆ 1,800 = 7,050 ÷ 0.67 = 10,500.

ಹಗುರದವರಿಗೆ ಡೊಮೈನ್ ಸೇರಿ 3,100. ಏರಿದ್ದು 600 ಅಷ್ಟೇ.

ಈ ತೂಕ ಉಳಿಯಬೇಕಾದರೆ ಮಿತಿಯನ್ನ ಜಿಬಿಯಲ್ಲಿ ಮಾರಬೇಡಿ. ಡಿಸ್ಕ್ ಸಾಮಾನ್ಯವಾಗಿ ಮೊದಲು ಮುಗಿಯಲ್ಲ. ಮುಗಿಯೋದು ಸಿಪಿಯು, ಐನೋಡ್ (ಫೈಲ್‌ಗಳ ಎಣಿಕೆ), ಮೇಲ್. ಕ್ಲೌಡ್‌ಲಿನಕ್ಸ್ ಅನ್ನೋ ಸರ್ವರ್ ಓಎಸ್ ಹಾಕಿದರೆ ಖಾತೆಗೆ ಒಂದು ಕೋರ್, 1 ಜಿಬಿ ರ‍್ಯಾಮ್ ಅಂತ ಕಟ್ಟಿಹಾಕಬಹುದು, ಆದರೆ ಅದಕ್ಕೂ ಲೈಸೆನ್ಸ್ ದುಡ್ಡು, ಅದನ್ನ ಸ್ಥಿರ ವೆಚ್ಚಕ್ಕೆ ಸೇರಿಸಿ ಪಾಲು ಮತ್ತೆ ಲೆಕ್ಕ ಹಾಕಿ. ಅದಕ್ಕೂ ಮೊದಲು ಪುಕ್ಕಟೆ ಕೆಲಸ ಒಂದಿದೆ: ವರ್ಡ್‌ಪ್ರೆಸ್‌ನ ಒಳಗಿನ ಕ್ರಾನ್ (ಹೊತ್ತು ಹೊತ್ತಿಗೆ ತಾನೇ ಕೆಲಸ ಓಡಿಸೋ ವ್ಯವಸ್ಥೆ) ನಿಲ್ಲಿಸಿ, ಸರ್ವರ್ ಕ್ರಾನ್‌ನಿಂದ 15 ನಿಮಿಷಕ್ಕೊಮ್ಮೆ ಓಡಿಸಿ. ಎಲ್ಲ ಸೈಟ್‌ಗೂ ಒಂದೇ ನಿಮಿಷ ಕೊಡಬೇಡಿ, ಹಂಚಿ. ಇಲ್ಲದಿದ್ದರೆ ಕಾಲುಗಂಟೆಗೊಮ್ಮೆ ಲೋಡ್ ಗಕ್ಕನೆ ಏರುತ್ತೆ.

ಮೇಲ್ ಬಗ್ಗೆ ಬಿಗಿಯಾಗಿರಿ. ಒಂದು ಹೋಂಸ್ಟೇಯ ಹಳೇ ಪ್ಲಗಿನ್‌ನಲ್ಲಿ ತೂತಾದ್ರೆ ರಾತ್ರೋರಾತ್ರಿ ಸಾವಿರಾರು ಸ್ಪ್ಯಾಮ್ ಹೋಗಿ ಐಪಿ ಕಪ್ಪುಪಟ್ಟಿ ಸೇರುತ್ತೆ. ಆಗ 64 ಜನರ ಇಮೇಲ್‌ಗಳೂ ವಾಪಸ್ ಬರುತ್ತವೆ, ಪತ್ತಿನ ಸಂಘದ ಕಾರ್ಯದರ್ಶಿ ನಿಮಗೇ ಫೋನ್ ಮಾಡೋದು. ಖಾತೆಗೆ ಗಂಟೆಗೆ 100 ಮೇಲ್ ಮಿತಿ ಹಾಕಿ. ಮೇಲ್ ಅಸಲಿ ಅಂತ ತೋರಿಸೋ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ಪ್ರತಿ ಡೊಮೈನ್‌ಗೂ ಇರಲಿ. ಹಗುರದ ಪ್ಲಾನ್‌ನಲ್ಲಿ ಮೇಲ್‌ಬಾಕ್ಸೇ ಬೇಡ, ಬೇಕಾದವರಿಗೆ ಹೊರಗಿನ ಮೇಲ್ ಸೇವೆ ಬೇರೆ ಬಿಲ್‌ನಲ್ಲಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನ (ಸರ್ವರ್‌ನಲ್ಲಿ ನಡೆದದ್ದರ ದಾಖಲೆ) 180 ದಿನ ಇಡಬೇಕು. ದಿನಾ ಕುಗ್ಗಿಸಿ ಬ್ಯಾಕಪ್ ಜಾಗಕ್ಕೆ ಕಳಿಸಿ. ಆ 600 ರೂಪಾಯಿ ಜಾಗ ಇದಕ್ಕೂ ಸಾಕಾಗುತ್ತಾ ನೋಡ್ಕೊಳ್ಳಿ.

ಪೋರ್ಟ್_2222:
ತೂಕದ ಲೆಕ್ಕ ನನ್ನದಕ್ಕಿಂತ ಸರಿಯಾಗಿದೆ, ಅದನ್ನೇ ಹಿಡೀರಿ.

ಪ್ಯಾನೆಲ್ ಬದಲಿಸುವಾಗ ಎಡವೋ ಜಾಗ ಒಂದಿದೆ. ಸಿಪ್ಯಾನೆಲ್ ಬ್ಯಾಕಪ್ ಡೈರೆಕ್ಟ್‌ಅಡ್ಮಿನ್‌ಗೆ ಬರುತ್ತೆ, ಆದರೆ ಸೈಟಿನ ಫೋಲ್ಡರ್ ದಾರಿ ಬದಲಾಗುತ್ತೆ, ನಡುವೆ ಡೊಮೈನ್ ಹೆಸರಿನ ಫೋಲ್ಡರ್ ಸೇರಿಕೊಳ್ಳುತ್ತೆ. ವರ್ಡ್‌ಫೆನ್ಸ್ (ವರ್ಡ್‌ಪ್ರೆಸ್‌ನ ಭದ್ರತಾ ಪ್ಲಗಿನ್) ಹಾಕಿರೋ ಸೈಟ್‌ಗಳಲ್ಲಿ ಪಿಎಚ್‌ಪಿ ಸೆಟ್ಟಿಂಗ್ ಫೈಲಿನೊಳಗೆ ಹಳೇ ದಾರಿ ಪೂರ್ತಿ ಬರೆದಿರುತ್ತೆ, ಸೈಟ್ ತೆರೆದರೆ 500 ಎರರ್. ಆ ಸಾಲು ತಿದ್ದಿದರೆ ಸರಿಹೋಗುತ್ತೆ. ಗಿರಾಕಿಗಳ ಕ್ರಾನ್ ಸಾಲುಗಳಲ್ಲೂ ಇದೇ ಕಥೆ. ಹಿಂದಿನ ದಿನವೇ ಡಿಎನ್‌ಎಸ್ ಟಿಟಿಎಲ್ (ಸೈಟಿನ ಹಳೇ ಸರ್ವರ್ ವಿಳಾಸ ನೆನಪಲ್ಲಿ ಉಳಿಯೋ ಅವಧಿ) 300 ಸೆಕೆಂಡಿಗೆ ಇಳಿಸಿ. ಸಾಗಿಸಿದ ಮೇಲೆ ಹಳೇ ಸರ್ವರ್ ಒಂದು ವಾರ ಇರಲಿ, ಅಲ್ಲಿಗೆ ತಡವಾಗಿ ಬಂದ ಮೇಲ್‌ಗಳನ್ನ ಕೊನೆಗೆ ಎಳ್ಕೊಳ್ಳಿ.

ಹಳೇ ಗಿರಾಕಿಗಳಿಗೆ 60 ದಿನ ಮುಂಚೆ ಹೇಳಿ, ಹೊಸಬರಿಗೆ ಇವತ್ತಿಂದಲೇ ಹೊಸ ದರ. ನವೀಕರಣದ ತಿಂಗಳೂ ನೋಡಿ ಇಡಿ. ತೋಟದವರಿಗೆ ಕಾಫಿ ಮಾರಿದ ದುಡ್ಡು ಬರೋ ಫೆಬ್ರವರಿ–ಮಾರ್ಚ್ ಒಳ್ಳೇದು. ಹೋಂಸ್ಟೇಗಳಿಗೆ ಮಳೆಗಾಲದಲ್ಲಿ ಬಿಲ್ ಕಳಿಸಿದರೆ ಸುಮ್ಮನೆ ಬಾಕಿ ಬೆಳೆಯುತ್ತೆ. ಪತ್ತಿನ ಸಂಘಗಳಲ್ಲಿ ಆಡಳಿತ ಮಂಡಳಿ ಸಭೆಯಲ್ಲಿ ಪಾಸಾಗಬೇಕು, ಕೊಟೇಶನ್ ಎರಡು ತಿಂಗಳು ಮುಂಚೆ ಕೈ ಸೇರಲಿ.

ಹಾಸನದ_ಹೋಸ್ಟ್:
ತುಂಬಾ ಉಪಕಾರ ಆಯ್ತು. ಆ ನಾಲ್ಕು ಭಾರಿ ಸೈಟಿನವರು 10,500 ಒಪ್ಪದೆ ಬಿಟ್ಟು ಹೋದರೆ?

ಮಲೆನಾಡ_ಸಿಸ್‌ಅಡ್ಮಿನ್:
ಹೋದ ಮೇಲೆ ಸರ್ವರ್ ಅಷ್ಟೇ ದೊಡ್ಡದಾಗಿ ಇಟ್ಕೊಂಡ್ರೆ ಪೆಟ್ಟು. 80 ಪಾಲಿನ 85% ಅಂದರೆ 68, ಪಾಲಿಗೆ 1,312, ಹಗುರದ ದರ 1,800ರಿಂದ 2,200ರ ಹತ್ತಿರ ಹೋಗುತ್ತೆ. 1,600 ರೂಪಾಯಿಯ 2 ಕೋರ್, 4 ಜಿಬಿಗೆ ಇಳಿದರೆ ತೆರಿಗೆ ಸೇರಿ ವರ್ಷಕ್ಕೆ 22,656 ಉಳಿದು ಪಾಲು 979ಕ್ಕೆ ಬರುತ್ತೆ, ಅಂದರೆ ಈಗಿನದಕ್ಕಿಂತ ಕಡಿಮೆ. ಹಾಗಾಗಿ ಅವರು ಹೋದರೂ ಹೆದರಬೇಡಿ, 7,000ಕ್ಕೆ ಚೌಕಾಸಿಯಂತೂ ಬೇಡವೇ ಬೇಡ, ಅದರಲ್ಲಿ ಗಿಟ್ಟೋದು ಬರೀ ವೆಚ್ಚ.

ಒಂದೇ ತೊಡಕು: ವಿಪಿಎಸ್ ದೊಡ್ಡದು ಮಾಡೋದು ಒಂದು ಕ್ಲಿಕ್, ಚಿಕ್ಕದು ಮಾಡೋಕೆ ಹೆಚ್ಚಿನ ಕಡೆ ಆಗಲ್ಲ, ಡಿಸ್ಕ್ ಕುಗ್ಗಿಸೋಕೆ ಬಿಡಲ್ಲ. ಹೊಸ ಚಿಕ್ಕ ಸರ್ವರ್ ತಗೊಂಡು ಸಾಗಿಸಬೇಕು. ಹೇಗೂ ಪ್ಯಾನೆಲ್‌ಗೋಸ್ಕರ ಸಾಗಿಸೋರಿದ್ದೀರಲ್ಲ, ಆ ನಾಲ್ವರಿಗೆ ಈಗಲೇ ಪತ್ರ ಕಳಿಸಿ. ಅವರ ಉತ್ತರ ಬಂದ ಮೇಲೆ ಸರ್ವರ್ ಅಳತೆ ತೀರ್ಮಾನ ಮಾಡಿ.