ಉದ್ದ ತಿರುವಿನಲ್ಲಿ ಆಯಿಲ್ ಪ್ರೆಶರ್ ಬೀಳ್ತಿದೆ, ಬಲ್ಲವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ

ಗಾಡಿ 2 ಲೀಟರ್ ಟರ್ಬೊ ಪೆಟ್ರೋಲ್, ಫ್ರಂಟ್ ವೀಲ್ ಡ್ರೈವ್, ಎಂಜಿನ್ ಅಡ್ಡ ಕೂತಿದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್‌ಗಳಿಗೆ ಹೋಗುತ್ತೆ. ಮಾಮೂಲಿ ಟೈರ್ ಇದ್ದಾಗ ತೊಂದರೆ ಇರಲಿಲ್ಲ. ಹೆಚ್ಚು ಹಿಡಿತದ ಸೆಮಿ ಸ್ಲಿಕ್ ಟೈರ್ ಹಾಕಿದ ಮೇಲೆ ಉದ್ದನೆಯ ಬಲ ತಿರುವಿನ ಕೊನೆಗೆ ಆಯಿಲ್ ದೀಪ ಮಿಣುಕಿ ಆರುತ್ತೆ. ಡಿಪ್‌ಸ್ಟಿಕ್‌ನಲ್ಲಿ ಫುಲ್ ತೋರಿಸುತ್ತೆ. 10ಡಬ್ಲ್ಯು-60ರ ಗಟ್ಟಿ ಆಯಿಲ್ ಹಾಕಿ ಸಾಕು ಅಂತ ಕೆಲವರು, ಡ್ರೈ ಸಂಪ್ (ಆಯಿಲನ್ನು ಎಂಜಿನ್ ತಳದ ಬದಲು ಬೇರೆ ಟ್ಯಾಂಕ್‌ನಲ್ಲಿ ಇಡುವ ವ್ಯವಸ್ಥೆ) ಬೇಕೇ ಬೇಕು ಅಂತ ಕೆಲವರು. ಎಲ್ಲಿಂದ ಶುರು ಮಾಡಲಿ?

ಎಂಜಿನ್ ಬಿಲ್ಡರ್, ಮೈಸೂರು

ಮೊದಲು ಸೆಮಿ ಸ್ಲಿಕ್ ಬಿಚ್ಚಿಡಿ. ಕಂಪನಿ ಕೊಟ್ಟ ದೀಪದ ಸ್ವಿಚ್ ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿನಲ್ಲಿ ಹತ್ತುತ್ತೆ. 6000 ಆರ್‌ಪಿಎಂನಲ್ಲಿ ಪ್ರೆಶರ್ ಅಲ್ಲಿಗೆ ಇಳಿದಿದೆ ಅಂದರೆ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದು) ಆಗಲೇ ಒಣಗಿ ಓಡುತ್ತಿದೆ. ಮೇನ್ ಬೇರಿಂಗ್ ದಾಟಿ, ಕ್ರ್ಯಾಂಕ್‌ನೊಳಗಿನ ತೂತಿನ ಮೂಲಕ ಆಯಿಲ್ ಅಲ್ಲಿಗೆ ತಲುಪಬೇಕು. ಅದಕ್ಕೇ ಮೊದಲು ಹೋಗುವುದೂ ಅದೇ.

ಟೈರ್ ಬದಲಾದಾಗ ಏಕೆ ಶುರುವಾಯಿತು ಅನ್ನುವುದು ಸರಳ ಲೆಕ್ಕ. 1 ಜಿ (ಗುರುತ್ವದಷ್ಟೇ) ಅಡ್ಡ ಬಲ ಬಿದ್ದಾಗ ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಚೇಂಬರ್‌ನೊಳಗಿನ ಆಯಿಲ್ 45 ಡಿಗ್ರಿ ಓರೆಯಾಗಿ ನಿಲ್ಲುತ್ತೆ, 1.2 ಜಿಗೆ 50 ಡಿಗ್ರಿ. ನಿಮ್ಮ ಎಂಜಿನ್ ಅಡ್ಡ ಇರುವುದರಿಂದ ತಿರುವಿನಲ್ಲಿ ಆಯಿಲ್ ಗೇರ್‌ಬಾಕ್ಸ್ ತುದಿಗೋ ಟೈಮಿಂಗ್ ತುದಿಗೋ ಓಡುತ್ತೆ, ಬ್ರೇಕ್ ಹೊಡೆದರೆ ಮುಂದಿನ ಗೋಡೆ ಹತ್ತುತ್ತೆ. ಎಳನೀರು ಬುರುಡೆ ಓರೆ ಮಾಡಿ ಸ್ಟ್ರಾವನ್ನು ಎತ್ತರದ ಮೂಲೆಯಲ್ಲಿ ಇಟ್ಟಂತೆ, ಪಂಪ್ ಆಯಿಲ್ ಎಳೆಯುವ ಬಾಯಿ, ಅಂದರೆ ಸ್ಟ್ರೈನರ್, ಗಾಳಿ ಹೀರುತ್ತೆ.

ಗಟ್ಟಿ ಆಯಿಲ್ ಇದಕ್ಕೆ ಮದ್ದಲ್ಲ. ಗಾಳಿ ಹೀರುವ ಪಂಪ್‌ಗೆ ಯಾವ ಗ್ರೇಡ್ ಆದರೇನು? ಮೇಲಾಗಿ 60ರ ಆಯಿಲ್ ಎಂಜಿನ್ ಮೇಲ್ಭಾಗದ ಹೆಡ್‌ನಿಂದ ಚೇಂಬರ್‌ಗೆ ನಿಧಾನವಾಗಿ ಇಳಿಯುತ್ತೆ, ಕೆಳಗೆ ಇನ್ನೂ ಕಡಿಮೆ ಉಳಿಯುತ್ತೆ. ಹೈ ಆರ್‌ಪಿಎಂನಲ್ಲಿ ಇಂಥ ಪಂಪ್ ನಿಮಿಷಕ್ಕೆ 40 ಲೀಟರ್‌ಗೂ ಹೆಚ್ಚು ಎತ್ತಬಲ್ಲದು. 5 ಲೀಟರ್ ಆಯಿಲ್ ಪೂರಾ ಒಂದು ಸುತ್ತು ಬರಲು ಏಳೆಂಟು ಸೆಕೆಂಡ್ ಸಾಕು. ಆ ಹೊತ್ತಿನಲ್ಲಿ ಲೀಟರ್‌ಗಟ್ಟಲೆ ಮೇಲೇ ನಿಂತಿದ್ದರೆ ಉದ್ದ ತಿರುವು ತಡೆಯುವುದಿಲ್ಲ.

ಡೇಟಾ ಲಾಗಿಂಗ್ ಮಾಡುವವರು, ಬೆಂಗಳೂರು

ದುಡ್ಡು ಸುರಿಯುವ ಮುಂಚೆ ಅಳೆಯಿರಿ. 0 ರಿಂದ 10 ಬಾರ್ ಸೆನ್ಸರ್ ಒಂದು, ಸೆಕೆಂಡಿಗೆ ಕನಿಷ್ಠ 10 ಸಲ ಬರೆದುಕೊಳ್ಳುವ ಲಾಗರ್ ಒಂದು. ಸೆನ್ಸರನ್ನು ನೇರ ಬ್ಲಾಕ್‌ಗೆ ತಿರುಗಿಸಬೇಡಿ, ವೈಬ್ರೇಶನ್‌ಗೆ ಅಡಾಪ್ಟರ್ ಕುತ್ತಿಗೆಯಲ್ಲೇ ಮುರಿಯುತ್ತೆ. ಚಿಕ್ಕ ಹೋಸ್ ಹಾಕಿ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹತ್ತಿರ ಕೂರಿಸಿ.

ಲಾಗ್‌ನಲ್ಲಿ ಪ್ರೆಶರ್, ಆರ್‌ಪಿಎಂ, ಅಡ್ಡ ಜಿ ಮೂರನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಆರ್‌ಪಿಎಂ ಏರುತ್ತಿದ್ದಾಗಲೂ ಪ್ರೆಶರ್ ಗೆರೆ ಹಲ್ಲುಹಲ್ಲಾಗಿ ಕೆಳಗಿಳಿದು, ಸ್ಟೀರಿಂಗ್ ನೇರವಾದ ಅರ್ಧ ಸೆಕೆಂಡಿಗೆ ಮತ್ತೆ ಜಿಗಿದರೆ ಅದು ಸ್ಟ್ರೈನರ್ ಗಾಳಿ ಹೀರಿದ ಗುರುತು. ಗೆರೆ ನಯವಾಗಿಯೇ ಇದ್ದು ಲ್ಯಾಪ್‌ನಿಂದ ಲ್ಯಾಪ್‌ಗೆ ಇಳಿಯುತ್ತಿದ್ದರೆ ಆಯಿಲ್ ಕಾದು ತೆಳುವಾಗಿದೆ. ಅದಕ್ಕೆ ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಬೇಕು, ಚೇಂಬರ್ ಕೆಲಸವಲ್ಲ. ಎರಡೂ ಒಟ್ಟಿಗೆ ಇರುವ ಗಾಡಿಗಳೂ ಇವೆ.

ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವ ಹಳೇ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಇಎ888 ಎಂಜಿನ್‌ನ ಮೂರನೇ ಪೀಳಿಗೆಯಲ್ಲಿ ಪಂಪ್ ಎರಡು ಹಂತದ್ದು: ಕೆಳಗಿನ ಹಂತ ಸುಮಾರು 1.5 ಬಾರ್, ಮೇಲಿನದು ಸುಮಾರು 3.75 ಬಾರ್. ಅಲ್ಲಿ 54 ಪಿಎಸ್‌ಐ ಕಂಡರೆ ಗಾಬರಿ ಬೇಡ, ಅದೇ ಅದರ ಪೂರ್ಣ ಪ್ರೆಶರ್. ನಿಮ್ಮ ಎಂಜಿನ್ ನೇರ ರಸ್ತೆಯಲ್ಲಿ ಬಿಸಿ ಆಯಿಲ್‌ಗೆ ಎಷ್ಟು ಕೊಡುತ್ತೆ ಅನ್ನುವುದೇ ಅಳತೆಗೋಲು. 4000 ಆರ್‌ಪಿಎಂ ಮೇಲೆ ಅದಕ್ಕಿಂತ 1 ಬಾರ್ ಇಳಿದರೆ ಕಣ್ಣಿಗೆ ಹೊಡೆಯುವ ಕೆಂಪು ದೀಪ ಹತ್ತುವಂತೆ ಸೆಟ್ ಮಾಡಿ. ಹತ್ತಿದರೆ ಆಕ್ಸಿಲರೇಟರ್ ಬಿಡಿ, ಗಾಡಿ ನೇರ ಮಾಡಿಕೊಂಡು ಕ್ಲಚ್ ಒತ್ತಿ, ಪಿಟ್‌ಗೆ ಬನ್ನಿ. ಪ್ರೆಶರ್ ಬಂತಾ ನೋಡೋಣ ಅಂತ ರೇಸ್ ಮಾಡಬೇಡಿ.

ಫ್ಯಾಬ್ರಿಕೇಶನ್ ಮಾಡುವವರು, ಹುಬ್ಬಳ್ಳಿ

ಲಾಗ್‌ನ್ಯಾಗ ಹಲ್ಲು ಕಂಡ್ರ ಚೇಂಬರ್ ಇಳಿಸ್ರಿ. ಇಳಿಸಿದ ಕೂಡ್ಲೇ ಸ್ಟ್ರೈನರ್ ಜಾಳಿಗಿ ನೋಡ್ರಿ. ಚೇಂಬರ್ ಕೂರಿಸುವಾಗ ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಹಚ್ಚಿದ್ರ ಒಳಗ ಹಿಂಡಿ ಬಂದು, ಕಿತ್ತು, ಜಾಳಿಗಿಗೇ ಅಂಟ್ಕೊಂಡಿರ್ತದ. ಅರ್ಧ ಮುಚ್ಚಿದ ಜಾಳಿಗಿ ಇಟ್ಕೊಂಡು ಆಯಿಲ್ ಓಡದಂಗ ತಡೆಯುವ ಬ್ಯಾಫಲ್ ಮಾಡ್ಸಿ ಉಪಯೋಗಿಲ್ಲ. ವಾಪಸ್ ಹಾಕುವಾಗ 3 ಎಂಎಂ ದಪ್ಪದ ಒಂದೇ ಗೆರಿ, ಬೋಲ್ಟ್ ತೂತಿನ ಒಳಬದಿಗೆ, ಸಾಕ್ರಿ. ಪೇಸ್ಟ್ ಪೂರ್ತಿ ಒಣಗಿದ ಮ್ಯಾಲೇ ಆಯಿಲ್.

ಬ್ಯಾಫಲ್ ಅಂದ್ರ ಸ್ಟ್ರೈನರ್ ಸುತ್ತ ನಾಕು ಗೋಡಿ, ಮ್ಯಾಲೆ ಮುಚ್ಚಳ. ಗೋಡಿಗೆ ಒಳಮುಖ ತೆರೆಯುವ ಸಣ್ಣ ಬಾಗಿಲು. ಆಯಿಲ್ ಒಳಗ ಬರಬೇಕು, ಹೊರಗ ಹೋಗಬಾರದು. ಮುಚ್ಚಳ ಮರೆತ್ರ ಆಯಿಲ್ ಗೋಡಿ ಹತ್ತಿ ಮ್ಯಾಲಿಂದ ಜಾರ್ತದ. ಅಲ್ಯೂಮಿನಿಯಂ ಚೇಂಬರ್ ಟಿಗ್ ವೆಲ್ಡ್ ಮಾಡುವಾಗ ಫ್ಲ್ಯಾಂಜನ್ನ ದಪ್ಪ ಪ್ಲೇಟಿಗೆ ಬೋಲ್ಟ್ ಮಾಡ್ರಿ, ಇಲ್ಲಂದ್ರ ತಿರುಚ್ಕೊಂಡು ಜನ್ಮವಿಡೀ ಸೋರ್ತದ.

ಸ್ಟ್ರೈನರ್‌ಗೂ ತಳಕ್ಕೂ 6ರಿಂದ 10 ಎಂಎಂ ಇರಲಿ. ಅಳೆಯೋದಕ್ಕ ಮಕ್ಕಳಾಡುವ ಕ್ಲೇ ಉಂಡಿ ತಳದಾಗ ಇಟ್ಟು, ಚೇಂಬರ್ ಒತ್ತಿ ತೆಗೆದು, ಚಪ್ಪಟೆಯಾದ ಕ್ಲೇ ಅಳೀರಿ. ಕಡೀಕ ಕ್ರ್ಯಾಂಕ್ ಕೈಲೇ ಎರಡು ಸುತ್ತು ತಿರುಗ್ಸಿ, ರಾಡ್ ಎಲ್ಲೂ ತಾಗಬಾರದು.

ಮೈಸೂರು, ಮತ್ತೆ

ಬ್ಯಾಫಲ್ ಸಿದ್ಧವಾಗುವವರೆಗೆ ಮ್ಯಾಕ್ಸ್ ಗೆರೆ ಮೇಲೆ 300ರಿಂದ 500 ಎಂಎಲ್ ಹೆಚ್ಚು ಹಾಕಬಹುದು. ಒಂದು ಲೀಟರ್ ಹಾಕಿ ಅನ್ನುವ ಸಲಹೆ ಕೆಲವು ಎಂಜಿನ್‌ಗೆ ಸರಿ, ಎಲ್ಲಕ್ಕೂ ಅಲ್ಲ. ಕ್ರ್ಯಾಂಕ್ ಆಯಿಲ್‌ಗೆ ಬಡಿದರೆ ನೊರೆ ಏಳುತ್ತೆ, ಮತ್ತೆ ಗಾಳಿಯೇ ಒಳಗೆ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಮೂಲಕ ಇನ್‌ಟೇಕ್‌ಗೆ ಆಯಿಲ್ ಹೋದರೆ ಟರ್ಬೊ ಗಾಡಿಯಲ್ಲಿ ನಾಕಿಂಗ್ (ಇಂಧನ ತಾನೇ ಸಿಡಿಯುವುದು) ಶುರು. ಆ ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿ, ಪ್ರತಿ ಸೆಷನ್ ಆದಮೇಲೆ ಎಷ್ಟು ತುಂಬಿತು ನೋಡಿ.

ಕ್ಯಾಲಿಫೋರ್ನಿಯಾದಿಂದ

ಬ್ಯಾಫಲ್ ಆದಮೇಲೂ ಲಾಗ್‌ನಲ್ಲಿ ಇಳಿತ ಉಳಿದರೆ ಮುಂದಿನ ಮೆಟ್ಟಿಲು ಅಕ್ಯುಸಂಪ್. ಸಿಲಿಂಡರ್ ಒಳಗೆ ಪಿಸ್ಟನ್, ಒಂದು ಕಡೆ ಗಾಳಿ, ಇನ್ನೊಂದು ಕಡೆ ಆಯಿಲ್. ಪ್ರೆಶರ್ ಬಿದ್ದಾಗ ಗಾಳಿ ಆಯಿಲನ್ನು ಎಂಜಿನ್ ಒಳಗಿನ ಆಯಿಲ್ ದಾರಿಗೆ (ಗ್ಯಾಲರಿ) ತಳ್ಳುತ್ತೆ. 2 ಕ್ವಾರ್ಟ್‌ನದು, ಅಂದರೆ 1.9 ಲೀಟರ್, ಕೆಲವೇ ಸೆಕೆಂಡ್ ಕಾಪಾಡುತ್ತೆ. ಪಂಪ್ ಮತ್ತು ಅಕ್ಯುಸಂಪ್ ಸೇರುವ ಟೀ ಜಾಯಿಂಟ್ ನಡುವೆ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಕಡ್ಡಾಯ, ಇಲ್ಲದಿದ್ದರೆ ಆಯಿಲ್ ಪಂಪ್ ಕಡೆಗೇ ವಾಪಸ್ ಹೋಗುತ್ತೆ. ಹೋಸ್ ದಪ್ಪ, ಗಿಡ್ಡ ಇರಲಿ. ಪ್ರೆಶರ್ 35-40 ಪಿಎಸ್‌ಐಗಿಂತ ಇಳಿದಾಗ ತೆರೆಯುವ ಎಲೆಕ್ಟ್ರಿಕ್ ವಾಲ್ವ್ ಟ್ರ್ಯಾಕ್‌ಗೆ ಸರಿ, ಆದರೆ ಮೇಲೆ ಹೇಳಿದ ಎರಡು ಹಂತದ ಪಂಪ್ ಇದ್ದರೆ ರಸ್ತೆಯಲ್ಲಿ ಸದಾ ತೆರೆದೇ ಇರುತ್ತೆ. ಸ್ವಿಚ್ ಇಟ್ಟು ಟ್ರ್ಯಾಕ್‌ನಲ್ಲಿ ಮಾತ್ರ ಆನ್ ಮಾಡಿ.

ಆಯಿಲ್ ಹೆಡ್‌ನಲ್ಲೇ ಸಿಕ್ಕಿಕೊಳ್ಳುವ ಎಂಜಿನ್‌ಗಳ ಕತೆ ಬೇರೆ. ಸಿಲಿಂಡರ್‌ಗಳು ಎಡ-ಬಲಕ್ಕೆ ಮಲಗಿರುವ ಬಾಕ್ಸರ್ ಎಂಜಿನ್‌ನಲ್ಲಿ ಬಲ ತಿರುವಿಗೆ ಎಡ ಹೆಡ್ ತುಂಬಿಕೊಳ್ಳುತ್ತೆ. ಬಿಎಂಡಬ್ಲ್ಯು ತನ್ನ ಎಸ್85 ವಿ10ಗೆ ತಿರುವಿನಲ್ಲಿ ಹೆಡ್‌ನ ಆಯಿಲನ್ನು ವಾಪಸ್ ಎಳೆಯಲೆಂದೇ ಎರಡು ಎಲೆಕ್ಟ್ರಿಕ್ ಪಂಪ್ ಕೊಟ್ಟಿತ್ತು. ಡ್ರೈ ಸಂಪ್ ಪೂರ್ಣ ಸ್ಲಿಕ್ ಹಾಕುವವರಿಗೆ. ನಿಮ್ಮ ಬಳಕೆಗೆ ಈಗ ಬೇಡ.

ಪ್ರಶ್ನೆ ಕೇಳಿದವರು

ದೀಪ ಈಗಾಗಲೇ ಹತ್ತಿದೆಯಲ್ಲ, ಬೇರಿಂಗ್ ಉಳಿದಿದೆಯೋ ಇಲ್ಲವೋ ಚೇಂಬರ್ ಇಳಿಸದೆ ತಿಳಿಯುತ್ತಾ?

ಮೈಸೂರು

ಫಿಲ್ಟರ್ ಬಿಚ್ಚಿ ಕತ್ತರಿಸಿ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತೆ. ಡಬ್ಬಿ ಫಿಲ್ಟರ್ ಆದರೆ ಫಿಲ್ಟರ್ ಕಟರ್, ಕಾರ್ಟ್ರಿಜ್ ಆದರೆ ಬ್ಲೇಡ್ ಸಾಕು. ಪೇಪರ್ ಮಡಿಕೆ ಬಿಡಿಸಿ, ಬಿಳಿ ಬಟ್ಟೆ ಮೇಲೆ ಹಿಂಡಿ, ಬಿಸಿಲಲ್ಲಿ ಓರೆ ಮಾಡಿ ನೋಡಿ. ಮ್ಯಾಗ್ನೆಟ್‌ಗೆ ಅಂಟದ ಬೆಳ್ಳಿ ಚೂರು ಬೇರಿಂಗ್ ಪದರದ್ದೂ ಇರಬಹುದು, ಪಿಸ್ಟನ್ನಿನದ್ದೂ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಪದರ ಸವೆದು ಕೆಳಗಿನದು ಬಂದಿದೆ ಅಂತ ತಿಳಿಯಿರಿ. ಆಗ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಬೇರಿಂಗ್ ಮಾತ್ರ ಹೋಗಿದ್ದರೆ ಕ್ರ್ಯಾಂಕ್ ಉಳಿಸಬಹುದು.