ಸಹಾಯ ಬೇಕು: ನರಕೋಶದಲ್ಲಿ ಕ್ಯಾಮ್‌ಕೆ-2 ಕೆಲಸ ಸರಿಯಾಗಿ ವಿವರಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ ಅಥವಾ ನರವಿಜ್ಞಾನ ಓದಿದವರು ದಯವಿಟ್ಟು ನೋಡಿ.

ಕ್ಯಾಮ್‌ಕೆ-2 ಎಂಬ ಪ್ರೋಟೀನ್ ಕೈನೇಸ್ (ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಬಗ್ಗೆ ಸೆಮಿನಾರ್ ಕೊಡಬೇಕು. ಮೊದಲ ಭಾಗ ಸುಲಭ. ನರಕೋಶದ ಪೊರೆಯಲ್ಲಿ ಬಾಗಿಲಿನಂತಿರುವ ಎನ್‌ಎಂಡಿಎ ರಿಸೆಪ್ಟರ್ ತೆರೆದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನ್ ಜೊತೆ ಸೇರಿ ಈ ಕಿಣ್ವವನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ 12 ಘಟಕಗಳಿರುವ ದೊಡ್ಡ ಕಿಣ್ವ ಇದು. ಪಕ್ಕದ ಘಟಕದ ಥ್ರಿಯೋನಿನ್ 286ಕ್ಕೆ (ಪ್ರೋಟೀನ್ ಸರಪಳಿಯ 286ನೇ ಜಾಗದ ಅಮೈನೋ ಆಮ್ಲ) ಫಾಸ್ಫೇಟ್ ಅಂಟಿಸುತ್ತದೆ. ಹಾಗಾಗಿ ಕ್ಯಾಲ್ಸಿಯಂ ಇಳಿದ ಮೇಲೂ ಕೆಲಸ ಪೂರ್ತಿ ನಿಲ್ಲುವುದಿಲ್ಲ. ನೆನಪು ಉಳಿಯುವುದೇ ಇದರಿಂದ ಅಂತ ಪುಸ್ತಕಗಳು ಸಲೀಸಾಗಿ ಬರೆದುಬಿಡುತ್ತವೆ. ಅದು ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತದೆ.

ಗೊಂದಲ ಇಲ್ಲಿದೆ. 1998ರಲ್ಲಿ ಇಲಿಗಳಲ್ಲಿ ಆ 286ನೇ ಜಾಗವನ್ನು ಬದಲಿಸಿದಾಗ ಸಿನಾಪ್ಸ್ (ನರಕೋಶಗಳ ನಡುವಿನ ಸಂಪರ್ಕ) ಬಲಗೊಳ್ಳಲಿಲ್ಲ, ಕಲಿಕೆಯೂ ಕುಗ್ಗಿತು. ಆದರೆ 2023ರ ಪ್ರಯೋಗದ ಪ್ರಕಾರ ಸಿನಾಪ್ಸ್ ಬಲಗೊಳ್ಳಲು ಕಿಣ್ವ ಎನ್‌ಎಂಡಿಎ ರಿಸೆಪ್ಟರ್‌ನ ಗ್ಲುಎನ್2ಬಿ ಘಟಕಕ್ಕೆ ಅಂಟಿಕೊಳ್ಳುವುದೇ ಮುಖ್ಯ, ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಹಚ್ಚುವುದಲ್ಲ! ಹಾಗಾದರೆ 286ರ ಫಾಸ್ಫೇಟ್ ಆ ಅಂಟಿಗೆ ನೆರವಾಗುತ್ತದೆ ಅಷ್ಟೇ, ಅಲ್ವಾ?

ಇನ್ನೊಂದು. ಮನುಷ್ಯರಲ್ಲಿ ಇದರ ಜೀನ್ ಬದಲಾದರೆ ಬೌದ್ಧಿಕ ಬೆಳವಣಿಗೆ ಕುಂಠಿತವಾಗಬಹುದು. ಕೆಲವು ಬದಲಾವಣೆ ಕಿಣ್ವದ ಚಟುವಟಿಕೆ ಇಳಿಸಿದರೆ, ಕೆಲವು ಏರಿಸುತ್ತವೆ. ಎರಡಕ್ಕೂ ಒಂದೇ ಬಗೆಯ ತೊಂದರೆ ಯಾಕೆ? ಮಾನವ ನರಕೋಶಗಳಲ್ಲೇ ಮಾಡಿದ ಪ್ರಯೋಗ ಗೊತ್ತಿದ್ದರೆ ತಿಳಿಸಿ, ಒಳ್ಳೆಯ ರಿವ್ಯೂ ಪೇಪರ್ ಸೂಚಿಸಿದರೂ ಸಾಕು.